ಹಗರಿಯ ಮೇಲೆ ಹೊರಿಸಿದ ಸಾವು

ಬೆಳುಗುಪ್ಪ
ತಾರೀಖು 9, ಜನವರಿ 1936

ನನ್ನ ಮುದ್ದಿನ ಮೊಮ್ಮಗಳು ತಿಪ್ಪಕ್ಕನಿಗೆ ಅಜ್ಜಿ ಹಂಪಕ್ಕನ ಆಶೀರ್ವಾದ. ಚೆನ್ನಾಗಿದ್ದೇನೆ, ಹಲ್ಲು ಹೋದರೂ ನಾಲಿಗೆ ಇದೆ.

ಬಳ್ಳಾರಿ ಶಾಲೆಯ ಟೀಚರಮ್ಮ ನಿಮ್ಮನ್ನೆಲ್ಲ ನಡೆಸಿಕೊಂಡು ಸೊಂಡೂರು ಗುಡ್ಡ ಹತ್ತಿಸಿ, ತುಂಗಭದ್ರೆ ದಾಟಿಸಿ, ಕೊನೆಗೆ ಕಾರವಾರದ ಕಡಲ ದಂಡೆಯಲ್ಲಿ ಡೇರೆ ಹಾಕಿಸುತ್ತಾರಂತೆ. ನಿಮ್ಮಪ್ಪ ಬೋರಪ್ಪ ಬೇಡ ಅಂದನಂತೆ. ನಿನ್ನೆ ರಾಯದುರ್ಗದಿಂದ ಬಂದು ನನ್ನ ಮುಂದೆಯೂ ಹಾರಾಡಿದ. "ನಮ್ಮಪ್ಪನ್ನ ಹಗರಿ ಹೊಳಿ ನುಂಗೇತಿ, ಮಗಳನ್ನೂ ಹೊಳಿಗೆ ಕೊಡ್ಲೇನವ್ವ?" ಅಂದ. ನಲವತ್ತು ತುಂಬುತ್ತಿರುವ ಗಂಡಸು, ಇವತ್ತಿಗೂ ಮೊಣಕಾಲುದ್ದ ನೀರಿಗೆ ಇಳಿದವನಲ್ಲ. ತಪ್ಪು ಅವನದಲ್ಲ, ನನ್ನದು. ನಿಮ್ಮಜ್ಜನನ್ನು ಹೊಳೆ ಕೊಂದಿಲ್ಲ.

ಆಗ ನಿಮ್ಮಪ್ಪ ನನ್ನ ಹೊಟ್ಟೆಯಲ್ಲಿ ಐದು ತಿಂಗಳು. ಸರ್ವೆ ದೊರೆಯ ಕ್ಯಾಂಪು ಬಂದರೆ ಊರಿನವರು ಬಿಟ್ಟಿಯಾಗಿ ಡೇರೆ ಹೊರಬೇಕಿತ್ತು. ರಾಯದುರ್ಗದ ಗುಡ್ಡದಿಂದ ಹಗರಿಯವರೆಗೆ ನಾನೂ ನಿಮ್ಮಜ್ಜ ಎರ್ರಪ್ಪನೂ ಹೊತ್ತು ನಡೆದೆವು. ದೊರೆ ಬೇಟೆಗೆ ಹೋದ. ಅವನ ಜಮೇದಾರ ಒಣಗಿದ ಹೊಳೆಯ ನಡುವೆ, ಮರಳಿನಲ್ಲೇ ಡೇರೆ ಹೊಡೆಯಿರಿ ಎಂದ. ದೊರೆಗೆ ತಂಪು ಬೇಕಂತೆ. ನಿಮ್ಮಜ್ಜ ಕೈಮುಗಿದು, "ಮರಳಾಗ ಗೂಟ ನಿಲ್ಲಂಗಿಲ್ರೀ, ಹಗ್ಗಕ್ಕ ಕಲ್ಲು ಕಟ್ಟಿ ಹೂಳಬೇಕು. ಮ್ಯಾಲ ಮೈಸೂರು ಸೀಮ್ಯಾಗ ಮಳಿ ಆದ್ರ ಇಲ್ಲಿ ಬಿಸಿಲಿದ್ರೂ ನೀರು ಬರ್ತೈತ್ರಿ. ದಂಡಿ ಮ್ಯಾಲ ಹಾಕೋಣ್ರಿ" ಅಂದ. "ಡೇರೆ ಹೊಡೆಯೋದು ನನಗೆ ಕಲಿಸ್ತೀಯೇನಲೇ?" ಅಂತ ಜಮೇದಾರ ಮರಳಿಗೇ ಗೂಟ ಹೊಡೆಸಿದ.

ಮಧ್ಯಾಹ್ನದ ಗಾಳಿಗೆ ಗೂಟಗಳೆಲ್ಲ ಕಿತ್ತು ಬಂದವು. ಡೇರೆ ಜಮೇದಾರನ ಊಟದ ತಟ್ಟೆಯ ಮೇಲೇ ಕುಸಿಯಿತು. ಹೊತ್ತು ತಂದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಅವನು ಕಬ್ಬಿಣದ ಗೂಟ ಎತ್ತಿ ನಿಮ್ಮಜ್ಜನ ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ. ಕಿವಿಯಿಂದ ಬಂದ ರಕ್ತ ಮರಳಿನಲ್ಲಿ ಇಂಗಿತು. ಉಳಿದವರು ದಂಡೆ ಹತ್ತಿ ಓಡಿದರು. ನಾನು ನಿಮ್ಮಜ್ಜನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಉಸಿರಿರಲಿಲ್ಲ.

ಅಷ್ಟರಲ್ಲಿ ಉರಿಬಿಸಿಲಲ್ಲೇ ಕೆಂಪು ನೀರು ಬಂತು. ಹೆಣದ ಕಂಕುಳಿಗೆ ಕೈ ಹಾಕಿ ಎಳೆದೆ. ಹೊಳೆ ಕಿತ್ತುಕೊಂಡಿತು. ಹೇಗೋ ದಂಡೆ ಹತ್ತಿದೆ. ಜಮೇದಾರ ಸಾಮಾನು ಉಳಿಸಲು ಹೋಗಿ ಕೊಚ್ಚಿಹೋದ. ಇಬ್ಬರ ಹೆಣವೂ ಸಿಗಲಿಲ್ಲ. ದೊರೆ ಕೇಳಿದಾಗ ಇಬ್ಬರನ್ನೂ ಹೊಳೆ ಒಯ್ದಿತು ಅಂದೆ. ಹೊಡೆದದ್ದನ್ನು ಕಂಡವರೂ ಬಾಯಿ ಬಿಡಲಿಲ್ಲ. ಮಗನಿಗೂ ಅದನ್ನೇ ಹೇಳಿ ಬೆಳೆಸಿದೆ.

ನೀನು ಹೋಗು ತಾಯಿ. ಗುಡ್ಡ ಹತ್ತು, ಕಡಲು ನೋಡು. ನೀರಿಗೆ ನಮ್ಮ ಮನೆಯ ಮೇಲೆ ಯಾವ ಹಗೆಯೂ ಇಲ್ಲ.

ಇಂತಿ ನಿನ್ನ ಅಜ್ಜಿ
ಹಂಪಕ್ಕ

ಮತ್ತೆ ಬರೆದದ್ದು: ಜಮೇದಾರ ಕೊಚ್ಚಿಹೋದ ಅಂದದ್ದು ಸುಳ್ಳು. ಅವನು ಈಜಿ ದಂಡೆಗೆ ಬಂದಿದ್ದ. ಹೊಂಗೆ ಮರದ ಬೇರು ಹಿಡಿದು "ಕೈ ಕೊಡು ತಾಯಿ" ಅಂದ. ಕಲ್ಲು ತಗೊಂಡು ಅವನ ಬೆರಳು ಜಜ್ಜಿದೆ, ಬೇರು ಬಿಡುವ ತನಕ. ನಿಜ ಹೇಳಿದ್ದರೆ ನನ್ನನ್ನು ಗಲ್ಲಿಗೆ ಹಾಕುತ್ತಿದ್ದರು, ಹೊಟ್ಟೆಯ ಕೂಸಿಗೆ ದಿಕ್ಕಿರುತ್ತಿರಲಿಲ್ಲ. ಸಂಕ್ರಾಂತಿಗೆ ಊರಿಗೆ ಬಂದಾಗ ಈ ಕಾಗದವನ್ನು ನಿಮ್ಮಪ್ಪನಿಗೆ ಓದಿ ಹೇಳು. ಒಂದು ಸಾಲೂ ಬಿಡಬೇಡ. ಇಷ್ಟಾದರೂ ನಿನ್ನನ್ನು ಕಳಿಸಲ್ಲ ಅಂದರೆ, ಬೆಳುಗುಪ್ಪಕ್ಕೆ ಬಂದು ನನ್ನ ಮುಂದೆ ನಿಂತು ಅನ್ನಲಿ.