ಬಣ್ಣ ತೆಗೆಯುವ ಕೈ

ಮನೆಯಿಂದ,
ಭಾನುವಾರ, ತಾರೀಖು ಹದಿನಾಲ್ಕು, ಬೆಳಗ್ಗೆ ಹತ್ತು ಗಂಟೆ

ನನ್ನ ಪ್ರೀತಿಯ ಚಿನಕುರಳಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಶಾಲೆಯ ಮಕ್ಕಳು ನಿನ್ನ ತಲೆ ತಿನ್ನುವುದಕ್ಕೆ ಭಾನುವಾರವಾದರೂ ರಜೆ ಕೊಡುತ್ತಾರೋ ಇಲ್ಲವೋ? ಚಳಿಗೆ ಕೆನ್ನೆ ಕೆಂಪಾಗಿ ಉರಿಯುತ್ತದೆ ಎಂದು ಬರೆದಿದ್ದೆ. ಕುದಿಯುವ ನೀರಿನಲ್ಲಿ ಮುಖ ತೊಳೆಯುವುದನ್ನು ಮೊದಲು ನಿಲ್ಲಿಸು, ಉಗುರು ಬೆಚ್ಚಗಿದ್ದರೆ ಸಾಕು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮೊದಲಿನಷ್ಟೇ ಜೋರಾಗಿದೆ.

ನಿನ್ನ ಕಾಗದ ಬುಧವಾರ ಬಂತು. ನಿಮ್ಮ ಶಾಲೆಯ ಮೇಷ್ಟರುಗಳೆಲ್ಲ ಸೇರಿ ಆಡುವ ನಾಟಕದಲ್ಲಿ ರಾಣಿಯ ಪಾತ್ರಕ್ಕೆ ನಿನ್ನನ್ನೇ ಕೇಳಿದ್ದಾರೆ ಎಂದು ಓದಿ ಕುಣಿದಾಡಿಬಿಟ್ಟೆ. ಮುಂದಿನ ಸಾಲು ಓದಿ ಕೂತುಬಿಟ್ಟೆ. "ನನ್ನ ಈ ದರಿದ್ರ ಚರ್ಮಕ್ಕೆ ಬಣ್ಣ ಆಗಲ್ಲಪ್ಪಾ, ಇಪ್ಪತ್ತನೇ ತಾರೀಖು ಶನಿವಾರ ಬೇಡ ಅಂತ ಹೇಳಿಬಿಡ್ತೀನಿ" ಎಂದು ಬರೆದಿದ್ದೀಯ. ಹದಿನಾರು ವರ್ಷದವಳಿದ್ದಾಗ ನಮ್ಮ ಕಂಪನಿಯ ನಾಟಕದಲ್ಲಿ ಬಣ್ಣ ಹಚ್ಚಿಕೊಂಡು, ಮರುದಿನ ಕಣ್ಣು ಬಿಡಲಾಗದಷ್ಟು ಮುಖ ಊದಿಸಿಕೊಂಡು, ಆಮೇಲೆ ಎಂಟು ವರ್ಷ ವೇದಿಕೆಯ ಕಡೆ ತಲೆ ಹಾಕಿಯೂ ಮಲಗದವಳು ನೀನು. ಅದಕ್ಕೆ ಮೊದಲು ಮನೆಯಲ್ಲಿ ನೀನು ಒಪ್ಪಿಸುವ ನಾಟಕದ ಮಾತು ಕೇಳಲು ಗೋಡೆಗಳೂ ಸಾಲುತ್ತಿರಲಿಲ್ಲ. ಶನಿವಾರಕ್ಕೆ ಇನ್ನೂ ಆರು ದಿನ ಇದೆ, ಈ ಕಾಗದ ಗುರುವಾರದೊಳಗೆ ನಿನ್ನ ಕೈ ಸೇರುತ್ತದೆ. ಪೂರ್ತಿ ಓದುವ ತನಕ ಯಾರಿಗೂ ಏನೂ ಹೇಳಬೇಡ.

ಈಗ ನಮ್ಮ ಸುದ್ದಿ ಕೇಳು. ಮೊನ್ನೆ ಶುಕ್ರವಾರ ನಿಮ್ಮಪ್ಪ ನಟನಾದ! ನ್ಯಾಯಾಧೀಶನ ಪಾತ್ರ ಮಾಡುವ ನಮ್ಮ ಗುಡುಗಪ್ಪ ಇದ್ದಾನಲ್ಲ, ಮೈಕಿಲ್ಲದೆ ಹಿಂದಿನ ಬೆಂಚಿನವರನ್ನೂ ಎಬ್ಬಿಸುವವನು, ಅವನ ಗಂಟಲು ಅಂದೇ ಕೈಕೊಟ್ಟಿತು. ಕಂಪನಿಯ ಯಜಮಾನರು ಸೀದಾ ಬಣ್ಣದ ಕೋಣೆಗೆ ಬಂದು ನನ್ನ ಕೈ ಹಿಡಿದುಕೊಂಡು, "ಎರಡೇ ಮಾತು ಇರೋದು, ನೀವೇ ಹತ್ತಿಬಿಡಿ" ಎಂದರು. ಮೂವತ್ತು ವರ್ಷದಿಂದ ಊರವರ ಮುಖಕ್ಕೆಲ್ಲ ಬಣ್ಣ ಬಳಿದಿದ್ದೇನೆ, ನನ್ನ ಮುಖಕ್ಕೆ ಒಂದು ದಿನವೂ ಇಲ್ಲ. ಯಾಕೆಂದು ನಿನಗೆ ಗೊತ್ತು. ನಿನ್ನ ಮೈಮೇಲೆ ಇರುವುದು ನನ್ನದೇ ಚರ್ಮ, ಗಾಳಿ ಜೋರಾಗಿ ಬೀಸಿದರೂ ಮುನಿಸಿಕೊಳ್ಳುವ ಜಾತಿ. ಅದಕ್ಕೇ ಹೊಸ ಡಬ್ಬಿ ಏನೇ ಬರಲಿ, ಮೊದಲು ನನ್ನ ಮುಂಗೈ ಒಳಗೆ ಒಂದು ಬೊಟ್ಟು ಹಚ್ಚಿ, ಪಕ್ಕದಲ್ಲಿ ಪೆನ್ನಿನಿಂದ ತಾರೀಖು ಬರೆದು, ಎರಡು ದಿನ ಕಾಯುತ್ತೇನೆ. ನನ್ನ ಕೈ ಕೆಂಪಾಗದಿದ್ದರೆ ಯಾರ ಮುಖವೂ ಕೆಂಪಾಗದು. ನಿಮ್ಮಮ್ಮ ಆಡಿಕೊಳ್ಳುತ್ತಾಳೆ, "ನಿಮ್ಮ ಕೈ ಇರೋವಾಗ ಗೋಡೆಗೆ ಕ್ಯಾಲೆಂಡರ್ ಯಾಕೆ ದಂಡ" ಅಂತ.

ಆದರೆ ಕೈ ಬೇರೆ, ಮುಖ ಬೇರೆ. ನಿನ್ನ ಕಾಗದ ಜೇಬಿನಲ್ಲೇ ಇತ್ತು. ಮಗಳ ಹೆದರಿಕೆ ಏನೆಂದು ನಾನೂ ನೋಡಿಯೇಬಿಡುತ್ತೇನೆ ಎಂದುಕೊಂಡು ಕುರ್ಚಿಯ ಮೇಲೆ ಕೂತೆ. ನಿಮ್ಮಮ್ಮ ರಾಜನ ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳು ಸೂಜಿ ಕೆಳಗಿಟ್ಟು ಬ್ರಷ್ ಹಿಡಿದಳು. ಬೆಳಗ್ಗೆ ಸೋಪಿನಲ್ಲಿ ತೊಳೆದು ಒಣಗಿಸಿದ ಬ್ರಷ್ಷೇ ಆಗಬೇಕೆಂದು ಹಟ. "ಮೊದಲು ಅಸ್ತರು, ಆಮೇಲೆ ಬಟ್ಟೆ" ಎಂದು ವಾಸನೆಯಿಲ್ಲದ ಕ್ರೀಮು ತೆಳ್ಳಗೆ ಸವರಿ ಹತ್ತು ನಿಮಿಷ ಕೂರಿಸಿದಳು. ಬಣ್ಣವನ್ನು ತಿಕ್ಕಲಿಲ್ಲ, ಒತ್ತೊತ್ತಿ ಕೂರಿಸಿದಳು. ಕೆನ್ನೆಗೆ ಕೆಂಪು ಮಾತ್ರ ಹಚ್ಚಲಿಲ್ಲ. "ಅದು ನಿಮಗೆ ಹುಟ್ಟಿದಾಗಲೇ ಬಳಿದು ಕಳಿಸಿದಾರೆ" ಎಂದಳು. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ವೇದಿಕೆಯ ಮೇಲೆ ಏನಾಯಿತು ಗೊತ್ತೇ? ಕಟಕಟೆಯಲ್ಲಿ ನಿಂತ ಕಳ್ಳ ನನ್ನ ಮುಂದೆ ಕಣ್ಣೀರಿಡುತ್ತಿದ್ದಾನೆ, ನನಗೆ ಕಾಣುತ್ತಿರುವುದು ಬೆವರಿಗೆ ಇಳಿಯುತ್ತಿರುವ ಅವನ ಮೂಗಿನ ಬಣ್ಣ. ಕೈ ಸುಮ್ಮನಿರಬೇಕಲ್ಲ! ಪೀಠ ಇಳಿದು ಹೋಗಿ, ಕರವಸ್ತ್ರ ತೆಗೆದು, ಅವನ ಮೂಗನ್ನು ಒತ್ತಿ ಸರಿಮಾಡಿ, ವಾಪಸ್ ಬಂದು ಕೂತು, "ಇವನನ್ನು ಬಿಟ್ಟುಬಿಡಿ" ಎಂದೆ. ನ್ಯಾಯಾಧೀಶರ ಕರುಣೆ ನೋಡಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನು ಮೇಲೆ ದಿನಾ ಹಾಗೇ ಮಾಡಬೇಕೆಂದು ಯಜಮಾನರ ಅಪ್ಪಣೆಯಾಗಿದೆ. ಗುಡುಗಪ್ಪ ಹೊಟ್ಟೆ ಉರಿದುಕೊಂಡು ಬಿಸಿನೀರು ಕುಡಿಯುತ್ತಿದ್ದಾನೆ.

ಆಟ ಮುಗಿದ ಮೇಲೆ ನಿಮ್ಮಮ್ಮ ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿದಳು. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮುಚ್ಚಿದ ಕಣ್ಣ ಮೇಲಿಟ್ಟು, ಇಪ್ಪತ್ತರ ತನಕ ಎಣಿಸಿ, ಮೆಲ್ಲಗೆ ಕೆಳಕ್ಕೆ ಜಾರಿಸಿದಳು. ನಾನು ಅವಸರ ಮಾಡಿದರೆ ಕೈಗೊಂದು ಏಟು. "ಅದು ತಾನಾಗೇ ಬಿಡುತ್ತೆ, ಕಿತ್ತಾಡಬೇಡಿ" ಎನ್ನುತ್ತಿದ್ದಳು. ಆಮೇಲೆ ಬೆಚ್ಚನೆ ನೀರು, ಹಳೇ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದ್ದು, ಮತ್ತೆ ಸ್ವಲ್ಪ ಕ್ರೀಮು. ಅರ್ಧ ಗಂಟೆ ಹಿಡಿಯಿತು, ನನಗಂತೂ ಜೋಂಪು ಹತ್ತಿತ್ತು. ಬೆಳಗ್ಗೆ ಎದ್ದವನೇ ಕನ್ನಡಿಯ ಮುಂದೆ ಓಡಿದೆ. ಊತವಿಲ್ಲ, ಉರಿಯಿಲ್ಲ, ತುರಿಕೆಯಿಲ್ಲ! ಚೆಂದವಾಗಿತ್ತು ಎನ್ನಲಾರೆ, ನನ್ನ ಮುಖ ನನ್ನ ಮುಖದ ಹಾಗೇ ಇತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ನಿಮ್ಮಮ್ಮನನ್ನು ಎಬ್ಬಿಸಿ ತೋರಿಸಿ ಬೈಸಿಕೊಂಡೆ.

ಇದರ ಹಿಂದೆಯೇ ನಾಳೆ ಪಾರ್ಸಲಿನಲ್ಲಿ ಮೂರು ಸಣ್ಣ ಬಣ್ಣದ ಡಬ್ಬಿ ಕಳಿಸುತ್ತೇನೆ. ಒಮ್ಮೆಗೇ ಮೂರನ್ನೂ ಮೆತ್ತಿಕೊಳ್ಳಬೇಡ. ಒಂದೊಂದನ್ನೇ ಮೊಣಕೈ ಒಳಗೆ ಹಚ್ಚಿ ಎರಡು ದಿನ ನೋಡು. ತುರಿಸಿದರೆ ತೊಳೆದು ಎಸೆ, ಬೇರೆ ಹುಡುಕೋಣ, ಅಪ್ಪನ ಹತ್ತಿರ ಡಬ್ಬಿಗೇನು ಬರ. ನಾಟಕದ ದಿನ ನಾವಿಬ್ಬರೂ ಬರುತ್ತೇವೆ. ಹಚ್ಚುವುದು ನಾನು, ತೆಗೆಯುವುದು ನಿಮ್ಮಮ್ಮ.

ನಿನ್ನ ಜೊತೆ ಕೋಣೆಯಲ್ಲಿರುವ ಗೆಳತಿಗೆ ಕೇಳಿದೆನೆಂದು ಹೇಳು. ಬೆಚ್ಚಗಿರು, ಹೊಟ್ಟೆ ತುಂಬ ತಿನ್ನು, ಇಟ್ಟ ಹೆಜ್ಜೆಯಲ್ಲೆಲ್ಲ ನಿನಗೆ ಒಳ್ಳೆಯದಾಗಲಿ ಮಗಳೇ.

ಇಂತು ನಿನ್ನ,
ಅಪ್ಪ
(ಸದ್ಯಕ್ಕೆ ನ್ಯಾಯಾಧೀಶರು)

ತಾ.ಕ.: ಅಂಚೆ ಡಬ್ಬಿಯ ತನಕ ಹೋಗಿ ವಾಪಸ್ ಬಂದೆ. ಬರೆಯಬೇಕಾದದ್ದನ್ನೇ ಬರೆದಿರಲಿಲ್ಲ. ಎಂಟು ವರ್ಷದ ಹಿಂದೆ ಆಟ ಮುಗಿದಾಗ ನಮ್ಮ ಬಸ್ಸಿಗೆ ಹತ್ತೇ ನಿಮಿಷ ಇತ್ತು, ಎಣ್ಣೆ ಖಾಲಿಯಾಗಿತ್ತು, ನಿಮ್ಮಮ್ಮ ಜೊತೆಗಿರಲಿಲ್ಲ. ಗಂಡಸರ ಗಡ್ಡದ ಗೋಂದು ಬಿಡಿಸುವ ಸ್ಪಿರಿಟ್ಟನ್ನು ಒರಟು ಟವೆಲ್ಲಿಗೆ ಸುರಿದು ನಿನ್ನ ಮುಖವನ್ನು ಗಸಗಸ ಉಜ್ಜಿದೆ. ನೀನು ಕಣ್ಣು ಮುಚ್ಚಿಕೊಂಡು "ಉರೀತಿದೆ ಅಪ್ಪಾ" ಎಂದೆ. ನಾನು "ಒಂದು ನಿಮಿಷ ತಡ್ಕೋ" ಎಂದೆ. ಮರುದಿನ ನಿನ್ನ ಮುಖ ನೋಡಿ ಹೆದರಿ, ಬಣ್ಣ ಸರಿಯಿಲ್ಲ ಎಂದೆ, ಆಮೇಲೆ ನಿನ್ನ ಚರ್ಮವೇ ಹಾಗೆ ಎಂದೆ. ನೀನು ನಂಬಿದೆ. ಶುಕ್ರವಾರ ನಾನು ಹಚ್ಚಿಕೊಂಡದ್ದು ಅದೇ ಬಣ್ಣ, ನಿನ್ನ ಕಾಗದ ಬಂದ ದಿನವೇ, ಕೈ ಮೇಲೆ ಹಚ್ಚಿ ನೋಡೋಣವೆಂದು, ಬೇಕೆಂದೇ ಅದೇ ಅಂಗಡಿಯಿಂದ ತರಿಸಿದ್ದೆ. ನಮ್ಮ ಚರ್ಮ ಸೂಕ್ಷ್ಮ ನಿಜ ಕಣೇ, ಆದರೆ ಅವತ್ತು ತಪ್ಪು ಮಾಡಿದ್ದು ಅದಲ್ಲ, ನಾನು. ನಿಮ್ಮಮ್ಮನಿಗೆ ಈಗಷ್ಟೇ ಹೇಳಿದೆ, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿದೆ. ನೀನೂ ಬಂದಾಗ ಎದುರಿಗೇ ಬೈಯಿ, ಎಷ್ಟು ಬೇಕಾದರೂ. ಶನಿವಾರ ಮಾತ್ರ ಹೂಂ ಅಂದುಬಿಡು.