ಅವ್ವ ಹಾಸಿದ ಹೊಟ್ಟು

ಕುಂಬಾರಕೊಪ್ಪಲು, ಮೈಸೂರು
೧೮-೮-೧೯೯೮

ಪ್ರೀತಿಯ ತಮ್ಮ ಸುಂದರೇಶನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಕೆಮ್ಮು ಬಿಟ್ಟಿತೋ ಇಲ್ಲವೋ? ಹೋದ ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ಅವ್ವ ಎದುರುಮನೆ ಕಮಲಕ್ಕನ ಫೋನಿಟ್ಟು ನಮ್ಮ ಬಾಗಿಲಿಗೆ ಬರುವವರೆಗೂ ‘ಆ ಊರಿನ ನೀರು ಅವನ್ಗೆ ಆಗ್ತಿಲ್ಲ ಕಣೇ’ ಎಂದು ಅದೊಂದನ್ನೇ ಹೇಳಿದಳು. ಹೆಬ್ಬಾಳದ ಫ್ಯಾಕ್ಟರಿಯವರು ತರಬೇತಿಗೆಂದು ನಿನ್ನನ್ನು ಪುಣೆಗೆ ಆರಿಸಿದಾಗ ನಾವೆಲ್ಲ ಕೇರಿಗೆ ಸಕ್ಕರೆ ಹಂಚಿದ್ದೇ ಹಂಚಿದ್ದು, ಅಲ್ಲಿ ಎರಡು ಹೊತ್ತೂ ಒಣ ಚಪಾತಿ ತಿನ್ನಬೇಕೆಂದು ಯಾರಿಗೆ ಗೊತ್ತಿತ್ತು. ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಟ್ಟಿದ್ದೇವೆ, ಪುಣೆ ಕಡೆಗೆ ಯಾರಾದರೂ ಹೋಗುವವರಿದ್ದರೆ ತಿಳಿಸು. ನಿನ್ನ ಭಾವ ಚೆನ್ನಾಗಿದ್ದಾರೆ. ನಾನು ಹೆರಿಗೆಗೆಂದು ತವರಿಗೆ ಬಂದು ಕೂತ ಮೇಲೆ ಬಟ್ಟೆ ಅಂಗಡಿ ಮುಚ್ಚಿಕೊಂಡು ದಿನಾ ಇಲ್ಲಿಗೇ ಊಟಕ್ಕೆ ಬರುತ್ತಾರೆ. ಅವ್ವ ಅಳಿಯನಿಗೆ ಬಡಿಸಿ ಬಡಿಸಿ ಅವರ ಪ್ಯಾಂಟಿನ ಗುಂಡಿ ಹಾಕಲಾಗದಂತೆ ಮಾಡಿದ್ದಾಳೆ. ನನ್ನ ಆರೋಗ್ಯದ ವಿಚಾರ ಆಮೇಲೆ ಬರೆಯುತ್ತೇನೆ.

ಸುತ್ತಿ ಬಳಸಿ ಬರೆಯುವುದು ನನ್ನಿಂದ ಆಗುವುದಿಲ್ಲ, ನಿನಗೆ ಗೊತ್ತು. ನಿನ್ನ ಹಾವು ಸತ್ತುಹೋಯಿತು ಸುಂದರ. ಹೋದ ವಾರವೇ ಸತ್ತಿತು. ಭಾನುವಾರ ನೀನು ಫೋನಿನಲ್ಲಿ ಕೇಳಿದಾಗ ‘ಹೂಂ, ಹೂಂ’ ಎಂದು ನಾನು ಹಾರಿಸಿದ್ದು ಅವ್ವ ಪಕ್ಕದಲ್ಲೇ ನಿಂತಿದ್ದಳು ಅಂತ, ಅವಳು ನಿನ್ನ ಕೆಮ್ಮು ವಿಚಾರಿಸಿದ ಕೂಡಲೇ ಫೋನ್ ಕಿತ್ತುಕೊಂಡದ್ದೂ ಅದಕ್ಕೇ. ಅದು ಸತ್ತದ್ದು ಅವ್ವನಿಗೆ ಗೊತ್ತಿಲ್ಲ. ಗೊತ್ತಾಗಲೂ ಬಾರದು. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ಓದಿ ಮುಗಿಸುವ ಮುಂಚೆ ಕೋಪ ಮಾಡಿಕೊಂಡು ಬೂತಿಗೆ ಓಡಿ ಕಮಲಕ್ಕನ ಮನೆಗೆ ಫೋನ್ ಮಾಡಬೇಡ.

ನೀನು ಅದನ್ನು ಮನೆಗೆ ತಂದ ದಿನ ನಾನೂ ಬಂದಿದ್ದೆ, ನೆನಪಿದೆಯಾ. ಯಾರೋ ಅದನ್ನು ಎರಡು ತಲೆ ಹಾವು, ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಎಂದು ಇಲವಾಲದ ಹತ್ತಿರ ಚೀಲದಲ್ಲಿ ಹಾಕಿಕೊಂಡು ಮಾರುತ್ತಿದ್ದರಂತೆ. ಬಾಲವೂ ತಲೆಯ ಹಾಗೆ ಕಾಣಲಿ ಎಂದು ಬ್ಲೇಡಿನಲ್ಲಿ ಕುಯ್ದು ಕಣ್ಣಿನ ಗುರುತು ಬೇರೆ ಮಾಡಿದ್ದರು. ನೀನು ಅವರ ಜೊತೆ ಜಗಳವಾಡಿ ಕಿತ್ತುಕೊಂಡು ಬಂದೆ. ‘ಇದು ಪಾಪದ ಮಣ್ಣುಮುಕ್ಕ ಕಣಕ್ಕ, ಗಾಯ ಮಾಯಲಿ, ಬಿಟ್ಟುಬುಡ್ತೀನಿ’ ಅಂದೆ. ನಾನು ಮಂಚ ಹತ್ತಿ ಕೂತು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಅವ್ವ ಬೈಯಲಿಲ್ಲ. ಒಳಗೆ ಹೋಗಿ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ನೀನು ಅದನ್ನಿಟ್ಟ ಗಾಜಿನ ಪೆಟ್ಟಿಗೆಯ ಮುಂದೆ ಕೂತಳು. ಆವತ್ತಿನಿಂದ ಅವಳ ಬಾಯಲ್ಲಿ ಅದು ‘ಅವರು’. ‘ಅವರಿಗೆ ಊಟ ಆಯ್ತಾ’, ‘ಅವರು ಮಲಗವ್ರೆ, ರೇಡಿಯೋ ಸಣ್ಣಗೆ ಮಾಡು’. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇಲಿಮರಿ ತಂದು ಹಾಕುತ್ತಿದ್ದೆ ನೀನು, ಅವ್ವ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ‘ಅವರ ಊಟ ಅವರ್ದು, ನಮ್ಗ್ಯಾಕೆ’ ಎನ್ನುತ್ತಿದ್ದಳು. ಮೊಟ್ಟೆ ಹಾಕಿದ ಕೇಕನ್ನು ತಟ್ಟೆ ಸಮೇತ ಬೀದಿಗೆಸೆದ ಹೆಂಗಸು ಅವಳು.

ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಬಚ್ಚಲುಮನೆಗೆ ಪಾಯ ತೆಗೆಯುವಾಗ ಅಪ್ಪ ನಾಗರಹಾವನ್ನು ಹಾರೆಯಲ್ಲಿ ಚುಚ್ಚಿ ಕೊಂದರು. ಆ ವರ್ಷದ ನಾಗರಪಂಚಮಿ ಬರುವುದರೊಳಗೆ ಅಪ್ಪನಿಗೆ ಲಕ್ವ ಹೊಡೆಯಿತು, ಮತ್ತೆ ಏಳಲೇ ಇಲ್ಲ. ಬೀಡಿ ಸೇದಿ ಸೇದಿ ರಕ್ತ ಹೆಪ್ಪುಗಟ್ಟಿದೆ ಎಂದು ಡಾಕ್ಟರು ಹೇಳಿದ್ದನ್ನು ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ನನಗೆ ಎರಡು ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋಯಿತಲ್ಲ, ಅದೂ ಆ ಹಾರೆಯ ಲೆಕ್ಕಕ್ಕೇ ಸೇರಿತು. ನನ್ನ ಮುಂದೆ ಯಾವತ್ತೂ ಆಡಲಿಲ್ಲ ಬಿಡು. ಆದರೆ ಬಚ್ಚಲಿಗೆ ಹೋಗುವಾಗೆಲ್ಲ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ನೋಡಿದ್ದೀಯಲ್ಲ. ಹಾಗಿರುವಾಗ ಗಾಯವಾದ ಹಾವು ಮನೆಗೆ ಬಂತು, ನಾನು ಮೂರನೇ ಸಲ ಬಸುರಿ. ಆರೈಕೆ ಮಾಡಿಸಿಕೊಳ್ಳಲು ತಾನಾಗಿ ಬಂದಿದ್ದಾರೆ ಎಂದು ನಂಬಿಬಿಟ್ಟಳು. ಈ ಸಲದ ನಾಗರಪಂಚಮಿಗೆ ಹುತ್ತಕ್ಕೂ ಹೋಗಲಿಲ್ಲ, ‘ಮನೇಲೇ ಅವ್ರಲ್ಲ ಅವರು’ ಎಂದು ನಿನ್ನ ಕೋಣೆಯ ಬಾಗಿಲಲ್ಲೇ ತನಿ ಎರೆದಳು.

ಇನ್ನು ಅದರ ಕೆಳಗೆ ಹಾಸುವುದರ ರಾಮಾಯಣ. ನೀನು ಮರಳು ಹಾಸಿ ಹೋಗಿದ್ದೆ. ಮರಳು ಬಾಲದ ಗಾಯಕ್ಕೆ ಕೂತು ಕೆಂಪಗಾಗುತ್ತಿದೆ ಎಂದು ನಾನೇ ನಿನಗೆ ಬರೆದೆ. ಗಾಯ ಒಣಗುವವರೆಗೆ ಪೇಪರು ಹಾಸಿ ಎಂದು ನೀನು ಬರೆದೆ. ಹಾಸಿದರೆ ಅವ್ವ ಗಲಾಟೆ: ‘ಅಕ್ಷರದ ಮೇಲೆ ಮಲಗಿಸ್ತೀಯೇನೇ ಅವರ್ನ, ಸರಸ್ವತಿ ಅಲ್ವಾ ಅದು’. ಯಾರದೋ ಉತ್ತರಕ್ರಿಯೆಯ ಫೋಟೋ ಬೇರೆ ಅದರಲ್ಲಿ ಬಿದ್ದಿತ್ತು, ಅಪಶಕುನ ಎಂದು ತೆಗೆಸಿಯೇಬಿಟ್ಟಳು. ಹಾವಿಗೂ ಪೇಪರು ಬೇಕಿರಲಿಲ್ಲ. ನುಗ್ಗಿ ಅಡಗುವುದಕ್ಕೆ ಏನೂ ಸಿಗದೆ ಮೂಲೆಯಿಂದ ಮೂಲೆಗೆ ಮೂತಿ ಉಜ್ಜುತ್ತಾ ತಿರುಗುತ್ತಿತ್ತು. ಆಮೇಲೆ ನಿನ್ನ ಭಾವ ಕೆಮ್ಮಣ್ಣು ತಂದು ಜರಡಿ ಹಿಡಿದು ಹಾಕಿದರು. ಅದರಲ್ಲಿ ಕೆಂಜಿಗದ ಮೊಟ್ಟೆ ಇತ್ತೋ ಏನೋ, ಪೆಟ್ಟಿಗೆ ತುಂಬಾ ಇರುವೆ. ಅಷ್ಟು ಹೊತ್ತಿಗೆ ನಿನ್ನ ಎರಡನೇ ಕಾಗದ ಬಂತು. ‘ಮಣ್ಣು ತೆಗೆದುಬಿಡಿ, ಹೊಟ್ಟು ದಪ್ಪಗೆ ಹಾಸಿ, ದಿನಾ ಒಂದಿಷ್ಟು ನೀರು ಚಿಮುಕಿಸಿ ತೇವ ಇರಲಿ.’ ಅಷ್ಟೇ.

ಹೊಟ್ಟು ಅಂದರೆ ಏನು ಮಹರಾಯ? ನೀನು ಹುಟ್ಟಿದ್ದು ಯಾವ ಮನೆಯಲ್ಲಿ? ಈ ಮನೆಯಲ್ಲಿ ಹೊಟ್ಟು ಅಂದರೆ ಒಂದೇ. ಅವ್ವ ಊದುಬತ್ತಿ ಹೊಸೆದು ಎದ್ದ ಮೇಲೆ ಮಣೆಯ ಸುತ್ತ ಉಳಿಯುತ್ತದಲ್ಲ, ಇದ್ದಿಲು ಪುಡಿ, ಗಂಧದ ಪುಡಿ, ಜಿಗಟು ಎಲ್ಲಾ ಬೆರೆತದ್ದು, ಅದನ್ನೇ ನಾವು ಹುಟ್ಟಿದಾಗಿನಿಂದ ಹೊಟ್ಟು ಅಂದುಕೊಂಡು ಬಂದಿರುವುದು. ‘ಹೊಟ್ಟು ಗುಡಿಸು’, ‘ಹೊಟ್ಟು ತುಳೀಬೇಡ, ದೇವ್ರಿಗೆ ಹೋಗೋ ಮಾಲು’ ಎಂದು ನೀನೂ ಬೈಸಿಕೊಂಡಿದ್ದೀಯ. ನಾನು ಕಾಗದ ಗಟ್ಟಿಯಾಗಿ ಓದಿದೆ. ಅವ್ವನ ಮುಖ ನೀನು ನೋಡಬೇಕಿತ್ತು. ‘ನೋಡು, ಗಂಧದ ಮೇಲೆ ಮಲಗೋ ಯೋಗ ಅವರ್ದು, ನನ್ ಮಗನ್ಗೆ ಎಂಗೆ ಹೊಳೀತು ನೋಡು’ ಎಂದಳು. ಗುಡಿಸಿದ ಹೊಟ್ಟು ಮೈಲಿಗೆಯಾಗುತ್ತದೆ ಎಂದು ಅದನ್ನೂ ಹಾಕಲಿಲ್ಲ. ಸ್ನಾನ ಮಾಡಿ, ಮಡಿಯಲ್ಲಿ, ಬತ್ತಿಗೆ ಕಲಸುವ ಹೊಸ ಪುಡಿಯನ್ನೇ ಡಬ್ಬದಿಂದ ಬಗೆದು ಪೆಟ್ಟಿಗೆಗೆ ಸುರಿದಳು. ದಿನಾ ಬೆಳಿಗ್ಗೆ ಪೂಜೆಯ ತಂಬಿಗೆಯಿಂದ ನೀರು ಚಿಮುಕಿಸಿದಳು. ಡಾಕ್ಟರಮ್ಮ ನನಗೆ ಆದಷ್ಟೂ ಮಂಚ ಬಿಟ್ಟು ಇಳಿಯಬೇಡ ಎಂದಿದ್ದರು, ಮಲಗಿದಲ್ಲಿಂದಲೇ ನಾನೂ ನೋಡಿದೆ, ನನಗೂ ಸರಿಯಾಗಿಯೇ ಕಂಡಿತು. ಮನೆಯೆಲ್ಲ ಘಮ್ಮೆನ್ನುತ್ತಿತ್ತು.

ಮೊದಲು ಅದು ಒಳಗೆ ನುಗ್ಗಿ ಕಾಣದ ಹಾಗೆ ಮಲಗಿತು, ಅವ್ವನಿಗೆ ಖುಷಿಯೋ ಖುಷಿ. ಆಮೇಲೆ ಮೇಲೆ ಬಂದು ಮಲಗತೊಡಗಿತು. ತಲೆ ಮೇಲೆತ್ತಿ ಬಾಯಿ ತೆರೆಯುತ್ತಿತ್ತು. ‘ಗಾಳಿ ತಗೋತಾವ್ರೆ ಬುಡು’ ಎಂದಳು ಅವ್ವ. ಪೊರೆ ಬಿಡುವ ಹೊತ್ತಿರಬೇಕು ಅಂತ ನಾನಂದುಕೊಂಡೆ. ಅವ್ವ ಮಠಕ್ಕೆ ದಾಸೋಹದ ಅಡಿಗೆಗೆ ಹೋಗಿದ್ದ ಒಂದು ಮಧ್ಯಾಹ್ನ ಅದು ಅಲುಗಾಡುತ್ತಲೇ ಇಲ್ಲ ಅನ್ನಿಸಿ ಎದ್ದು ಹೋಗಿ ನೋಡಿದೆ. ಮುಟ್ಟಿದೆ ಕಣೋ, ನಿನ್ನ ಅಕ್ಕ, ಹಲ್ಲಿ ಕಂಡರೆ ಮನೆ ಬಿಟ್ಟು ಓಡುವವಳು. ಬಿಸಿನೀರಿನಲ್ಲಿ ತೊಳೆದೆ. ಮೂಗು, ಬಾಯಿ ಎಲ್ಲಾ ಕಪ್ಪು ಅಂಟಿನಲ್ಲಿ ಮೆತ್ತಿಹೋಗಿತ್ತು. ಜಿಗಟಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಈ ಮನೆಯವರಿಗೆ ಯಾರಾದರೂ ಹೇಳಿಕೊಡಬೇಕಾ? ಬತ್ತಿ ಕಡ್ಡಿಗೆ ಹಿಡಿದುಕೊಳ್ಳುವುದೇ ಅದರಿಂದ. ಮೆತ್ತಗೆ ಬಿಡಿಸುತ್ತಾ ಕೂತೆ. ಬಿಟ್ಟುಬಂದ ಮೇಲೂ ಅದು ಏಳಲಿಲ್ಲ. ನೀನು ಹೇಳಿದ್ದು ತೆಂಗಿನ ನಾರಿನ ಹೊಟ್ಟು ಎಂದು ನನಗೆ ತಿಳಿದದ್ದು ಮೊನ್ನೆ ಭಾನುವಾರ ಫೋನಿನಲ್ಲಿ, ‘ನರ್ಸರಿಯಲ್ಲಿ ಸಿಕ್ತಾ?’ ಎಂದು ನೀನು ಕೇಳಿದಾಗ. ತೆಂಗಿನ ಎಂಬ ಒಂದು ಪದ ಬರೆಯಲು ನಿನ್ನ ಪೆನ್ನಿನಲ್ಲಿ ಇಂಕು ಇರಲಿಲ್ಲವಾ ಸುಂದರ?

ಬೈದುಬಿಟ್ಟೆ. ಇರಲಿ, ಬೈಯಲು ನನಗೆ ಇನ್ಯಾರಿದ್ದಾರೆ.

ಅವ್ವ ಬರುವುದರೊಳಗೆ ಅಂಗಡಿಗೆ ಹೇಳಿಕಳಿಸಿದೆ. ನಿನ್ನ ಭಾವ ಬಂದು ಅದನ್ನು ಟವೆಲಿನಲ್ಲಿ ಸುತ್ತಿ ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ಇಲವಾಲದ ಆಚೆ ಹೂತು ಬಂದರು. ಅವ್ವನಿಗೆ, ಗಾಯ ಪೂರಾ ಮಾದಿತ್ತು, ಬಿಡಲು ನೀನೇ ಹೇಳಿದ್ದೆ, ಬಿಟ್ಟುಬಂದೆವು ಎಂದೆವು. ಹೇಳದೆ ಕಳಿಸಿಬಿಟ್ಟಿರಾ ಎಂದು ಮೊದಲು ಸಿಟ್ಟಾದಳು. ಆಮೇಲೆ ಅಳಿಯನನ್ನು ಕೂರಿಸಿಕೊಂಡು ವಿಚಾರಣೆ. ಯಾವ ಕಡೆ ಹೋದರು, ನಿಂತು ತಿರುಗಿ ನೋಡಿದರಾ. ನಿನ್ನ ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ, ಬೆವೆತುಹೋಗಿ ‘ನೋಡಿತು ಅತ್ತೆ’ ಅಂದುಬಿಟ್ಟರು. ಅವ್ವ ಎದ್ದು ಅಪ್ಪನ ಫೋಟೋದ ಮುಂದೆ ಹೋಗಿ ನಿಂತಳು. ‘ತೀರ್ತು ಕಣ್ರೀ ನಿಮ್ದು. ಇನ್ನ ನೆಮ್ಮದಿಯಾಗಿರಿ’ ಎಂದಳು. ಹಾಗೇ ನಿಂತು ಅತ್ತಳು. ಅಪ್ಪ ಹೋದಾಗಲೂ ಅವಳು ಹಾಗೆ ಬಾಯಿ ಬಿಟ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗ ನೋಡು, ಹತ್ತು ವರ್ಷ ಚಿಕ್ಕವಳಾಗಿದ್ದಾಳೆ. ಬಚ್ಚಲಿಗೆ ಹೋಗುವಾಗ ಹೊಸಿಲು ಮುಟ್ಟುವುದನ್ನು ಬಿಟ್ಟಿದ್ದಾಳೆ. ಬತ್ತಿ ಹೊಸೆಯುತ್ತಾ ಹಾಡಿಕೊಳ್ಳುತ್ತಾಳೆ. ನನಗೆ ಬಳೆ ತೊಡಿಸುವ ಶಾಸ್ತ್ರಕ್ಕೆ ಯಾರ್ಯಾರನ್ನು ಕರೆಯಬೇಕೆಂದು ಬೆಳಿಗ್ಗೆಯಿಂದ ಸಂಜೆವರೆಗೂ ಅದೇ ಮಾತು.

ಅದಕ್ಕೇ ನಿನಗೆ ಹೇಳುವುದು. ಹಾವನ್ನು ಬಿಟ್ಟಿದ್ದೇವೆ, ಅದು ಬದುಕಿದೆ. ಅವಳ ಮುಂದೆ ಹೊಟ್ಟಿನ ಮಾತನ್ನು ಎತ್ತಲೇಬೇಡ. ತೆಂಗಿನದು ಅನ್ನಬೇಡ, ನಾರು ಅನ್ನಬೇಡ, ‘ಏನು ಹಾಸಿದ್ರಿ’ ಎಂದು ಕೇಳಬೇಡ. ನಿನ್ನ ಸ್ವಭಾವ ನನಗೆ ಗೊತ್ತು, ತಪ್ಪು ಕಂಡರೆ ಅದನ್ನು ಹಿಡಿದು ಎಳೆದು ಎಲ್ಲರಿಗೂ ತೋರಿಸಿಯೇ ಬಿಡುವವನು. ನಿನಗೆ ಅದರ ಮೇಲೆ ಎಷ್ಟು ಪ್ರೀತಿ ಇತ್ತು ಎನ್ನುವುದೂ ಗೊತ್ತು. ಬೈಯಬೇಕು ಅನ್ನಿಸಿದರೆ ನನಗೆ ಕಾಗದ ಬರೆದು ಬೈಯಿ, ನಿನ್ನ ಭಾವನ ಅಂಗಡಿಯ ವಿಳಾಸಕ್ಕೆ ಹಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಳೆಯಲ್ಲಿ ನೆನೆಯಬೇಡ. ನಿನ್ನ ಜೊತೆಯ ಹುಡುಗರಿಗೆಲ್ಲ ನಮ್ಮ ನೆನಪು ತಿಳಿಸು. ಅವ್ವ, ಭಾವ ನಿನಗೆ ಒಳ್ಳೆಯದಾಗಲೆಂದು ಹರಸಿದ್ದಾರೆ.

ಇಂತಿ ನಿನ್ನ ಅಕ್ಕ
ಶಿಲ್ಪಶ್ರೀ

ತಾ.ಕ.: ನಿನ್ನ ಭಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅಂಚೆ ಹೊರಡುವ ಹೊತ್ತಾಯಿತು. ಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಸ್ಕ್ಯಾನ್ ಮಾಡಿಸಿದೆವು. ಮಗುವಿನ ಎದೆ ಬಡಿಯುತ್ತಿಲ್ಲ. ನನ್ನ ಬಿ.ಪಿ. ಏರಿ ಹೀಗಾಗಿದೆ ಎಂದರು ಡಾಕ್ಟರಮ್ಮ. ನಾಳೆ ನನ್ನನ್ನು ಸೇರಿಸಿಕೊಂಡು ಹೆರಿಗೆ ಮಾಡಿಸುತ್ತಾರೆ. ಅವ್ವನಿಗೆ ಇನ್ನೂ ಹೇಳಿಲ್ಲ, ಬಳೆಯವನಿಗೆ ಹೇಳಿಬರಲು ಹೋಗಿದ್ದಾಳೆ. ಬಂದ ಮೇಲೆ ಹೇಳಬೇಕು. ಮಗು ಯಾಕೆ ಉಳಿಯಲಿಲ್ಲ ಎಂದು ಅವಳು ದೇವರನ್ನು ಕೇಳಿಕೊಳ್ಳಲಿ, ದೇವರನ್ನು ಬೈಯಲಿ. ಹಾವು ಸತ್ತದ್ದು ತಿಳಿದರೆ ಮಾತ್ರ ನನ್ನ ಮಗುವನ್ನೂ ತನ್ನ ಕೈಯಾರೆ ಕೊಂದೆ ಅಂದುಕೊಳ್ಳುತ್ತಾಳೆ, ಆಮೇಲೆ ಅವಳು ಉಳಿಯುವುದಿಲ್ಲ ಸುಂದರ. ಈ ಭಾನುವಾರ ಅವಳೊಬ್ಬಳೇ ಫೋನಿಗೆ ಬರುತ್ತಾಳೆ, ನಾನು ಆಸ್ಪತ್ರೆಯಲ್ಲಿರುತ್ತೇನೆ. ‘ಅವರು ಚೆನ್ನಾಗವ್ರಾ, ನಮ್ಮೇಲೆ ಇನ್ನೂ ಸಿಟ್ಟೇನಾದ್ರೂ ಐತಾ’ ಎಂದು ನಿನ್ನನ್ನೇ ಕೇಳುತ್ತಾಳೆ. ಚೆನ್ನಾಗಿದ್ದಾರೆ ಅವ್ವ ಅನ್ನು, ಸಿಟ್ಟಿಲ್ಲ ಅನ್ನು. ಅಷ್ಟು ಹೇಳಿ ಇಟ್ಟುಬಿಡು, ನೀನು ಅತ್ತರೆ ಅವಳಿಗೆ ಗೊತ್ತಾಗುತ್ತದೆ.