ನಾಲ್ಕು ದಿನಕ್ಕೆ ಬಂದವಳು ಹನ್ನೊಂದು ದಿನ ಉಳಿದದ್ದು

ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ಮಗಳೇ,

ನೀನು ಗಟ್ಟಿಮುಟ್ಟಾಗಿದ್ದೀಯ ಅಂತ ಮೊನ್ನೆ ಫೋನಿನಲ್ಲಿ ನಿನ್ನ ಗಂಟಲು ಕೇಳಿಯೇ ಗೊತ್ತಾಯಿತು, ಮತ್ತೆ ಕೇಳುವುದಿಲ್ಲ. ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಪೂರ್ತಿ ಆಡಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದಲೂ ಆಗದು, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ಸೊಟ್ಟಗಿದ್ದರೆ ನೇರ ಮಾಡಿಕೊಂಡು ಓದು.

ನಾಲ್ಕು ದಿನಕ್ಕೆ ಅಂತ ಬಂದ ನಿನ್ನ ಮಗಳು ಕಡ್ಡಿ ಹನ್ನೊಂದು ದಿನವಾದರೂ ಹೊರಡಲಿಲ್ಲ, ನಾನು ಮುದ್ದು ಮಾಡಿ ಕೆಡಿಸುತ್ತಿದ್ದೇನೆ, ಇದು ತಾನೇ ನಿನ್ನ ದೂರು? ತಪ್ಪು ನಮ್ಮ ಕಡ್ಡಿಯದೂ ಅಲ್ಲ, ನನ್ನದೂ ಅಲ್ಲ. ಆ ಕಂಪ್ಯೂಟರಿನದು.

ಅವಳ ಕೆಲಸ ಏನು ಅಂತ ನೀನು ಕೇಳಿಲ್ಲ, ನಾನು ಕೇಳಿದೆ. ಕಣ್ಣು ಕಾಣದ ಮಕ್ಕಳ ಶಾಲೆಯ ಮೇಷ್ಟ್ರೊಬ್ಬರಿಗೆ, ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಂ ಬೇಕು. ಅದನ್ನು ಇವಳು ಬರೆದು ಮುಗಿಸಿದ್ದಾಳೆ. ಆದರೆ ಬರೆದರೆ ಸಾಲದು. ಲಿನಕ್ಸ್ ಅಂತ ಒಂದಿದೆಯಂತೆ, ಅದು ಇರುವ ಕಂಪ್ಯೂಟರುಗಳಿಗೆಲ್ಲ ಸಿಗುವ ಹಾಗೆ ಪೊಟ್ಟಣ ಕಟ್ಟಿ ದೊಡ್ಡ ಉಗ್ರಾಣಕ್ಕೆ ಕಳಿಸಬೇಕು. ಉಗ್ರಾಣದ ಬಾಗಿಲು ನಾಳೆ ಸಂಜೆ ಮುಚ್ಚುತ್ತದೆ. ತಪ್ಪಿದರೆ ಇನ್ನು ಆರು ತಿಂಗಳು. ಅಷ್ಟರಲ್ಲಿ ಆ ಮಕ್ಕಳ ಪರೀಕ್ಷೆಯೇ ಮುಗಿದುಹೋಗಿರುತ್ತದೆ.

ಪೊಟ್ಟಣದ ಜೊತೆ ಒಂದು ಚೀಟಿ ಇಡಬೇಕು, ಇದನ್ನು ಕಟ್ಟಲು ಏನೇನು ಸಾಮಾನು ಬೇಕು ಅಂತ. ಉಗ್ರಾಣದವರು ಆ ಚೀಟಿಯಲ್ಲಿದ್ದಷ್ಟನ್ನೇ ತಂದು, ಬೇರೇನೂ ಇಲ್ಲದ ಖಾಲಿ ಕಂಪ್ಯೂಟರಿನಲ್ಲಿ ಕಟ್ಟಿ ನೋಡುತ್ತಾರೆ. ಕಡ್ಡಿಯೂ ತನ್ನ ಕಂಪ್ಯೂಟರಿನೊಳಗೇ ಅಂಥದೊಂದು ಖಾಲಿ ಕೋಣೆ ಮಾಡಿಕೊಂಡಿದ್ದಳು. ಹೊರಗೆ ಕಟ್ಟಿದರೆ ಹೂವೆತ್ತಿದ ಹಾಗೆ ಆಗುತ್ತಿತ್ತು. ಖಾಲಿ ಕೋಣೆಯಲ್ಲಿ ಕಟ್ಟಿದರೆ ಕೆಂಪಕ್ಷರದಲ್ಲಿ ಬೈಗುಳ.

ಇನ್ನೇನೋ ಕಡಿಮೆ ಬಿದ್ದಿದೆ ಅಂತ ಇವಳು ಚೀಟಿಗೆ ಒಂದೊಂದೇ ಸೇರಿಸುತ್ತ ಹೋದಳು. ಆ ಸಾಮಾನುಗಳೋ, ಬೀಗರು ಮದುವೆಗೆ ಬಂದ ಹಾಗೆ. ಒಂದನ್ನು ಕರೆದರೆ ಅದರ ಅಣ್ಣ ಬರಬೇಕು, ಅಣ್ಣನ ಷಡ್ಡಕ ಬರಬೇಕು. ಷಡ್ಡಕ ಬಂದರೆ ಮೊದಲೇ ಕೂತಿದ್ದ ಭಾವ ಊಟ ಬಿಟ್ಟು ಏಳುತ್ತಾನೆ. ಒಬ್ಬನಿಗೆ ಈ ವರ್ಷದ್ದೇ ಆಗಬೇಕು, ಇನ್ನೊಬ್ಬನಿಗೆ ಹಳೆಯದೇ ಬೇಕು. ನಿನ್ನ ಮದುವೆಯಲ್ಲಿ ನಿನ್ನ ಚಿಕ್ಕಪ್ಪ ಮಾಡಿದ್ದು ಮರೆತೆಯಾ?

ನಾನು ಬಾಯಿ ಹಾಕಿದರೆ, ಅಜ್ಜೀ, ನೀನು ಬಟಾಣಿ ಬಿಡಿಸು, ಇದು ಲಂಗಕ್ಕೆ ನೆರಿಗೆ ಹಿಡಿಯೋ ಕೆಲಸ ಅಲ್ಲ ಅಂದಳು. ನೆರಿಗೆ ಹಿಡಿದೇ ನಿಮ್ಮಮ್ಮನ್ನ ಓದಿಸಿದ್ದು ಕಣೇ ಅಂದೆ. ಓದಿಸಿದ್ದಕ್ಕೇ ಇಷ್ಟು ಚೆನ್ನಾಗಿ ಬೈಯ್ತಾಳೆ ಬಿಡು ಅಂದಳು. ನಿನ್ನನ್ನು ಬಿಟ್ಟುಕೊಡಬಾರದಲ್ಲ, ನಗು ತಡೆದುಕೊಂಡೆ.

ನಿನ್ನೆ ಬುಧವಾರ ಮಧ್ಯಾಹ್ನ ಕಂಪ್ಯೂಟರು ಬಿಟ್ಟು ಫೋನು ಹಿಡಿದು ಕೂತಿದ್ದಳು. ಏನೇ ಅಂದರೆ, ಮೇಷ್ಟ್ರಿಗೆ ನನ್ನ ಕೈಲಾಗಲ್ಲ ಅಂತ ಬರೀತಿದೀನಿ ಅಂದಳು. ಮೂಗು ಒರೆಸಿಕೊಳ್ಳಲು ಸಿಕ್ಕಿದ್ದು ನನ್ನ ಹೊಸ ರವಿಕೆ ಬಟ್ಟೆ. ನಾನು ಕುರ್ಚಿ ಎಳೆದುಕೊಂಡು, ಆ ಬೈಗುಳನ ಮೊದಲಿನಿಂದ ತೋರಿಸು ಅಂದೆ. ಅವಳು ಯಾವಾಗಲೂ ಕೊನೆಯ ಕೆಂಪು ಸಾಲನ್ನೇ ಓದುವವಳು. ಹೊಲಿಗೆ ಸುಕ್ಕು ಕಾಣೋದು ಕೊನೇಲಿ, ಬಟ್ಟೆ ಜಾರಿರೋದು ಮೊದಲಲ್ಲೇ ಅಂದೆ.

ಮೇಲೆ ನೂರಾರು ಸಾಲು. ಇದು ಇದೆಯೋ, ಅದು ಇದೆಯೋ ಅಂತ ಕೇಳಿಕೊಂಡು ಹೋಗಿದೆ. ಸಾಲಿನ ತುದಿಗೆಲ್ಲ ಮೂರಕ್ಷರದ ಒಂದೇ ಮಾತು. ಒಂದೇ ಒಂದು ಸಾಲಿಗೆ ಮಾತ್ರ ಎರಡಕ್ಷರ. ನನಗೆ ಇಂಗ್ಲಿಷು ಬಾರದು. ಆದರೆ ಮೂವತ್ತು ವರ್ಷ ಅಂಗಿಗಳ ಗುಂಡಿಗೆ ಕಾಜ ಹೊಲಿದ ಕಣ್ಣಿಗೆ ಸಾಲಿನಲ್ಲಿ ಒಂದು ಗಿಡ್ಡವಿದ್ದರೆ ಚುಚ್ಚುತ್ತದೆ. ಇದೇನೇ ಗಿಡ್ಡ ಅಂದೆ. ಉಳಿದದ್ದೆಲ್ಲ ಇದೆ ಅಂತ, ಇದೊಂದು ಇಲ್ಲ ಅಂತ, ಅಜ್ಜೀ, ಅಂದಳು. ಏನು ಇಲ್ಲ ಅಂತ ಅದು? ಅಂದೆ. ಅವಳು ಆ ಸಾಲನ್ನು ಬೆರಳಿಟ್ಟು ಓದಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

ಪದಗಳ ಉಚ್ಚಾರ ಹೇಳಿಕೊಡುವ ಒಂದು ಚಿಕ್ಕ ಸಾಮಾನಂತೆ. ಎರಡು ವರ್ಷದ ಹಿಂದೆ ತನ್ನ ಕಂಪ್ಯೂಟರಿಗೆ ತಾನೇ ಹಾಕಿಕೊಂಡು ಮರೆತಿದ್ದಾಳೆ. ನಮ್ಮ ಮನೆಯಲ್ಲಿರುವುದು ಲೋಕದ ಮನೆಯಲ್ಲೆಲ್ಲ ಇರುತ್ತದೆ ಅಂದುಕೊಂಡು ಚೀಟಿಯಲ್ಲಿ ಬರೆದೇ ಇಲ್ಲ. ಆ ಕಂಪ್ಯೂಟರೂ ಅಷ್ಟೆ. ಇಲ್ಲ ಅಂದ ಕಡೆ ನಿಲ್ಲಬಾರದೇ? ಗೊಣಗಿ, ಏನೂ ಆಗದವರ ಹಾಗೆ ಮುಂದೆ ಹೋಗಿ, ಇನ್ಯಾರದೋ ಮೇಲೆ ಗೂಬೆ ಕೂರಿಸಿ ಬೀಳುತ್ತದೆ. ಥೇಟ್ ನಿಮ್ಮಪ್ಪನ ಕಡೆಯವರು.

ಚೀಟಿಗೆ ಆ ಒಂದು ಹೆಸರು ಬರೆದಳು, ಸುಮ್ಮನೆ ಕರೆದಿದ್ದ ಏಳು ಬೀಗರನ್ನು ವಾಪಸು ಕಳಿಸಿದಳು. ಖಾಲಿ ಕೋಣೆಯಲ್ಲೂ ಪೊಟ್ಟಣ ಸರಿಯಾಗಿ ಕಟ್ಟಿ ಬಂತು. ಇವತ್ತು ಬೆಳಿಗ್ಗೆ ಉಗ್ರಾಣದವರೂ ಒಪ್ಪಿಕೊಂಡರು. ಮೇಷ್ಟ್ರು ಫೋನು ಮಾಡಿ, ಅದು ನೆಗಡಿಯಾದ ಗುಮಾಸ್ತನ ಹಾಗೆ ಓದುತ್ತೆ ಅಂತ ಮಕ್ಕಳು ಬಿದ್ದುಬಿದ್ದು ನಕ್ಕರು, ಆದರೂ ನಿಲ್ಲಿಸಲು ಬಿಡದೆ ಮೂರು ಪಾಠ ಓದಿಸಿಕೊಂಡರು ಅಂದರು. ಕಡ್ಡಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಸೊಂಟ ಇನ್ನೂ ನೋಯುತ್ತಿದೆ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳೆ. ಬಂದ ಕೂಡಲೇ ಬೈಯಬೇಡ, ಊಟ ಹಾಕಿ ಬೈ.

ಇಂತಿ,
ಕಾಜ ಹೊಲಿದು ನಿನ್ನನ್ನು ಸಾಕಿದ
ನಿನ್ನ ಅಮ್ಮ

ಮರೆತಿದ್ದೆ: ಈ ಕಾಗದ ಅವಳ ಕೈಯಲ್ಲೇ ಬರುತ್ತಿದೆ, ಅಂಟು ಹಾಕಿದ್ದೇನೆ, ಅವಳೆದುರು ಬಿಚ್ಚಬೇಡ. ಆ ಎರಡಕ್ಷರ ನನಗೆ ಸೋಮವಾರವೇ ಕಂಡಿತ್ತು. ಅವಳು ಕಂಪ್ಯೂಟರು ತೆರೆದಿಟ್ಟು ಮುಖ ತೊಳೆಯಲು ಹೋಗಿದ್ದಳು. ಹೇಳಿದರೆ ಪೊಟ್ಟಣ ಮುಗಿಯುತ್ತದೆ, ಮುಗಿದರೆ ಇವಳು ಬಸ್ಸು ಹತ್ತುತ್ತಾಳೆ. ಶುಕ್ರವಾರದವರೆಗೆ ಹೊತ್ತಿದೆಯಲ್ಲ ಅಂತ ಬಟಾಣಿ ಬಿಡಿಸುತ್ತ ಕೂತೆ. ನಿನ್ನೆ ಅವಳು ಅತ್ತಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಂದಿನ ತಿಂಗಳು ಇದಕ್ಕಿಂತ ದೊಡ್ಡ ಪೊಟ್ಟಣ ಕಟ್ಟುವುದಿದೆಯಂತೆ. ಇಲ್ಲಿಗೇ ಬಂದು ಕಟ್ಟು ಅಂತ ನಾನೇನೂ ಹೇಳಿಲ್ಲ. ಅವಳ ಹಾಸಿಗೆ ಸುತ್ತಿಟ್ಟಿಲ್ಲ, ಅಷ್ಟೆ.